ಉಳ್ಳಾಗಡ್ಡಿ ಲಾರಿಯಲ್ಲಿ ಅರಬೈಲ್ ಘಟ್ಟ ಇಳಿದು

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಿಂದ ಮಂಗಳೂರು ಬಂದರಿಗೆ ಉಳ್ಳಾಗಡ್ಡಿ ಒಯ್ಯುವ ಲಾರಿಗಳು ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದ ಬಾಳೆಗುಳಿಯಲ್ಲಿ ಕರಾವಳಿ ಹೆದ್ದಾರಿ ಸೇರುತ್ತವೆ. ಬಸ್ಸಿನಲ್ಲಿ ನಾನು ಎಷ್ಟೋ ಸಲ ಓಡಾಡಿದ ದಾರಿ. ಆದರೆ ಮಾಮಾ ಓಡಿಸುವ ಹತ್ತು ಗಾಲಿಯ ಲಾರಿಯಲ್ಲಿ ಕೂತು ಹೋದಾಗ ಅದೇ ದಾರಿಯ ಲೆಕ್ಕ ಬೇರೆಯಾಗಿತ್ತು. ಮಾಮಾನಿಗೆ ಊರುಗಳಿಗಿಂತ ಮುಖ್ಯವಾದದ್ದು ಎಲ್ಲಿ ಗಾಡಿ ಪಕ್ಕಕ್ಕೆ ಹಾಕಬಹುದು, ಎಲ್ಲಿ ಇಳಿದು ಟೈರ್ ಮುಟ್ಟಿ ನೋಡಬಹುದು ಎಂಬುದು.

ನಸುಕಿನಲ್ಲಿ ಹೊರಡುವ ಮೊದಲು ಮಾಮಾ ಕಬ್ಬಿಣದ ಲಿವರ್ ಹಿಡಿದು ಗಾಡಿಗೆ ಒಂದು ಸುತ್ತು ಬಂದ. ಮುಂದೆ ಎರಡು, ಹಿಂದೆ ಎಂಟು, ಒಂದೊಂದು ಟೈರಿಗೂ ಒಂದೊಂದು ಏಟು. ಗಾಳಿ ಸರಿಯಿದ್ದರೆ ಲಿವರ್ ಪುಟಿದು ಕೈಗೆ ಬರುತ್ತದೆ, ಸದ್ದು ಬಿಗಿಯಾಗಿರುತ್ತದೆ. ಇಳಿದಿದ್ದರೆ ದಬ್ ಎಂದು ಲಿವರ್ ಅಲ್ಲೇ ಕೂರುತ್ತದೆ. ಹಿಂದಿನ ಜೋಡಿ ಟೈರುಗಳಲ್ಲಿ ನಂಬಬಾರದ್ದು ಒಳಗಿನದು. ಅದರ ಗಾಳಿ ಹೋದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ನೋಡಿದವರಿಗೆ ಎಲ್ಲ ನೆಟ್ಟಗೇ ಕಾಣುತ್ತದೆ. ಇಬ್ಬರ ಕೆಲಸ ಒಬ್ಬನೇ ಮಾಡಿ ಹೊರಗಿನ ಟೈರ್ ಕಾಯುತ್ತಾ ಹೋಗಿ ಕೊನೆಗೆ ನಡುದಾರಿಯಲ್ಲಿ ಸಿಡಿಯುತ್ತದೆ. ಜೋಡಿಯ ಸಂದಿನಲ್ಲಿ ಸಿಕ್ಕ ಕಲ್ಲನ್ನು ಕ್ಲೀನರ್ ಹುಡುಗ ಸರಳು ಹಾಕಿ ಎಬ್ಬಿಸಿ ತೆಗೆದ. ಓಡುವಾಗ ಆ ಕಲ್ಲು ಎರಡೂ ಟೈರುಗಳ ಪಕ್ಕೆ ಕೊರೆಯುತ್ತದೆ, ಇಲ್ಲವೇ ಕಿತ್ತು ಹಿಂದೆ ಬರುವವರ ಗಾಜಿಗೆ ಬಡಿಯುತ್ತದೆ.

ಗಾಳಿ ನೋಡುವುದು ಟೈರ್ ತಣ್ಣಗಿದ್ದಾಗಲೇ. ಓಡಿ ಕಾದ ಮೇಲೆ ಗೇಜ್ ಹೆಚ್ಚು ತೋರಿಸಿತೆಂದು ಗಾಳಿ ಬಿಟ್ಟರೆ, ತಣಿದಾಗ ಅದು ಬೇಕಾದ್ದಕ್ಕಿಂತ ಕಡಿಮೆಯಾಗಿರುತ್ತದೆ. ಮುಂದಿನ ಎರಡಕ್ಕೆ ಮಾಮಾ ಯಾವತ್ತೂ ರೀಸೋಲ್ ಟೈರ್, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಹಚ್ಚಿದ ಟೈರ್, ಹಾಕುವುದಿಲ್ಲ. ಹಿಂದೆ ಒಂದು ಹೋದರೆ ಉಳಿದವು ತಡೆದಾವು, ಮುಂದಿನದು ಸಿಡಿದರೆ ಸ್ಟೇರಿಂಗ್ ಕೈಯಲ್ಲಿ ಉಳಿಯುವುದಿಲ್ಲ.

ಕಲಘಟಗಿ ದಾಟುತ್ತಲೇ ಮೊದಲ ತಪಾಸಣೆ. ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿ, ಹೊಗೆ ತಪಾಸಣೆಯ ಚೀಟಿ, ಲೈಸೆನ್ಸ್, ಜೊತೆಗೆ ತೂಕದ ಕಾಟಾ ಚೀಟಿ. ಸರಕು ಸಾಗಿಸಲು ಜಿಎಸ್‌ಟಿಯಡಿ ಬೇಕಾಗುವ ಇ-ವೇ ಬಿಲ್ ಉಳ್ಳಾಗಡ್ಡಿಗೆ ಬೇಕಿಲ್ಲ. ಹತ್ತು ಗಾಲಿಯ ಗಾಡಿಗೆ ಮಾಲು ಸೇರಿ 28.5 ಟನ್ ಮಿತಿ. 2018ಕ್ಕೆ ಮೊದಲು ಅದು 25 ಇತ್ತು. ಮಿತಿ ಮೀರಿದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ನಮ್ಮ ಕಾಗದ ಎಲ್ಲ ಸರಿಯಿದ್ದವು, ಬಿಟ್ಟರು. ಟೈರಿನ ಕಡೆ ಯಾರೂ ಕಣ್ಣು ಹಾಯಿಸಲಿಲ್ಲ.

ಯಲ್ಲಾಪುರದಲ್ಲಿ ಚಹಾ ಕುಡಿದು ಘಟ್ಟಕ್ಕೆ ಬಂದೆವು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬುದು ಲಾರಿಯವರ ಹಳೆಯ ಪಾಠ. ಅರಬೈಲಿನ ತಿರುವುಗಳಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತಿತ್ತು, ಮಾಮಾನ ಕಾಲು ಬ್ರೇಕಿನ ಮೇಲೆ ಬಿದ್ದದ್ದು ಕಡಿಮೆ. ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ ಕಾದು, ಆ ಕಾವು ರಿಮ್ಮಿಗೆ ಏರಿ, ಒಳಗಿನ ಟ್ಯೂಬನ್ನೂ ಅದಕ್ಕೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿಯಾದ ಫ್ಲಾಪನ್ನೂ ಸುಡುತ್ತದೆ. ಘಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಒಂದೊಂದು ಡ್ರಮ್ಮಿನ ಹತ್ತಿರವೂ ಅಂಗೈ ಒಡ್ಡಿ ನೋಡಿದ. ಕ್ಲೀನರ್ ಹುಡುಗ ನೀರಿನ ಕ್ಯಾನ್ ಎತ್ತಿಕೊಂಡು ಬಂದಾಗ ಗದರಿಸಿದ: "ಏ, ಹಾಕಬ್ಯಾಡೋ! ಕಾದ ಡ್ರಮ್ಮಿಗೆ ನೀರು ಬಿದ್ರ ಸೀಳತೈತಿ. ತಾನಾ ಆರಲಿ ಬಿಡು."

ಅಲ್ಲಿಯೇ ಲಿವರ್ ಮತ್ತೆ ಕೆಲಸಕ್ಕೆ ಬಂತು. ಎಡಗಡೆ ಹಿಂದಿನ ಒಳಟೈರ್ ದಬ್ ಎಂದಿತು.

ಬಾಳೆಗುಳಿಯ ಹತ್ತಿರದ ಪಂಚರ್ ಅಂಗಡಿಯವರು ಕೇರಳದವರು. ನಮ್ಮ ಹೆದ್ದಾರಿಗಳಲ್ಲಿ ಇಂಥ ಎಷ್ಟೋ ಅಂಗಡಿಗಳನ್ನು ಮಲಯಾಳಿಗಳೇ ನಡೆಸುತ್ತಾರೆ. ಮಾಮಾ ಮಲಯಾಳದಲ್ಲಿ "ಚೇಟಾ" (ಅಣ್ಣಾ) ಎಂದು ಕರೆದ, ಅವರು ಕನ್ನಡದಲ್ಲೇ "ಒಳಗಿನದ್ದಾ?" ಎಂದು ಕೇಳಿ ಜಾಕಿ ತಂದರು. ಚಕ್ರಗಳಿಗೆ ಕಲ್ಲು ಕೊಟ್ಟು, ಹೊರಗಿನದನ್ನು ಬಿಚ್ಚಿ, ಆಮೇಲೆ ಒಳಗಿನದು. ಸುತ್ತಿಗೆಯ ಏಟಿಗೆ, ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಕಬ್ಬಿಣದ ಬಳೆ, ಲಾಕ್ ರಿಂಗ್, ಎದ್ದಿತು. ಟ್ಯೂಬ್ ಎಳೆದು ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಒಂದೇ ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಟೈರಿನ ಒಳಮೈ ಮೇಲೆ ಅವರು ಬರಿಗೈ ಆಡಿಸಿ ಹುಡುಕಿ ತೆಗೆದದ್ದು ಕೂದಲಿಗಿಂತ ಸ್ವಲ್ಪ ದಪ್ಪದ ಉಕ್ಕಿನ ತಂತಿ. ಬೇರೆ ಯಾವುದೋ ಲಾರಿಯ ಒಡೆದ ರೇಡಿಯಲ್ ಟೈರಿನದು. ರಸ್ತೆಯಂಚಿನಲ್ಲಿ ಬಿದ್ದಿರುವ ಕರಿ ರಬ್ಬರಿನ ಚೂರುಗಳೊಳಗೆ ಇಂಥ ತಂತಿ ತುಂಬಿರುತ್ತದೆ. ಅವನ್ನು ಎತ್ತಿ ಆಚೆ ಹಾಕಿಸುವುದು ರಸ್ತೆ ನಿರ್ವಹಣೆಯ ಮೊದಲ ಕೆಲಸ ಆಗಬೇಕು ಎಂದು ಅವತ್ತು ನನಗೆ ಅನ್ನಿಸಿತು.

ಪ್ಯಾಚ್ ಬೇಯಿಸಿ ಮತ್ತೆ ಜೋಡಿಸಿದ ಮೇಲೆ, ಗಾಳಿ ತುಂಬುವ ಮೊದಲು ಅವರು ಚಕ್ರಕ್ಕೆ ಸರಪಳಿ ಸುತ್ತಿ ನಮ್ಮನ್ನು ಪಕ್ಕಕ್ಕೆ ಕಳಿಸಿದರು. ಲಾಕ್ ರಿಂಗ್ ಸರಿಯಾಗಿ ಕೂರದಿದ್ದರೆ ನೂರಕ್ಕೂ ಮೀರಿದ ಪೌಂಡ್ ಗಾಳಿಯ ಒತ್ತಡಕ್ಕೆ ಅದು ಸಿಡಿದು ಹಾರುತ್ತದೆ, ಎದುರು ನಿಂತವರ ಜೀವ ಉಳಿಯುವುದಿಲ್ಲ. ಸರಪಳಿಯಿಲ್ಲದ ಅಂಗಡಿಗಳೂ ದಾರಿಯುದ್ದಕ್ಕೂ ಇವೆ. ಆ ಕೆಲಸ ಮಾಡುವವರ ಕಡೆ ನಾವು ಯಾರೂ ತಿರುಗಿ ನೋಡುವುದಿಲ್ಲ.

ಬಾಳೆಗುಳಿಯಿಂದ ಬಲಕ್ಕೆ ಹೊರಳಿದರೆ ಬೇಲೆಕೇರಿ ಬಂದರು. ಬಳ್ಳಾರಿಯ ಕಬ್ಬಿಣದ ಅದಿರಿನ ಕಾಲದಲ್ಲಿ ಮಾಮಾ ಹೊಸಪೇಟೆಯಿಂದ ಅಲ್ಲಿಗೇ ಗಾಡಿ ಹೊಡೆಯುತ್ತಿದ್ದ. ಮಿತಿ ಮೀರಿ ತುಂಬಿದ ಲಾರಿಗಳು ಇದೇ ಘಟ್ಟದಲ್ಲಿ ಸಾಲುಗಟ್ಟಿ ಇಳಿಯುತ್ತಿದ್ದವು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. "ಆವಾಗ ಟೈರ್ ಒಡಿಯೋದು ದಿನಾ ಇದ್ದದ್ದಾ," ಎಂದಷ್ಟೇ ಹೇಳಿ ಮಾಮಾ ಎಡಕ್ಕೆ ತಿರುಗಿಸಿದ.

ಅಂಕೋಲಾ ದಾಟಿ ಶಿರೂರು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿದು ಹೆದ್ದಾರಿ ಪಕ್ಕದ ಚಹಾದಂಗಡಿಯನ್ನೂ ಅಲ್ಲಿದ್ದ ಜನರನ್ನೂ ಗಂಗಾವಳಿ ನದಿಗೆ ತಳ್ಳಿತು. ಕಟ್ಟಿಗೆ ತುಂಬಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದು ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಚಾಲಕನ ದೇಹದೊಂದಿಗೆ. ಲಾರಿಯವರು ಅಲ್ಲಿ ನಿಲ್ಲುತ್ತಿದ್ದದ್ದು ಚಹಾಕ್ಕೆ, ಒಂದು ಗಳಿಗೆ ಕಣ್ಣು ಮುಚ್ಚುವುದಕ್ಕೆ. ಗುಡ್ಡವನ್ನು ಕಡಿದಾಗಿ ಸೀಳಿ ರಸ್ತೆ ಅಗಲ ಮಾಡಿದವರು ಈ ಗಾಡಿಗಳಿಗೆ ಸುರಕ್ಷಿತವಾಗಿ ನಿಲ್ಲುವ ಜಾಗವನ್ನೂ ಮಾಡಿಕೊಡಬೇಕಿತ್ತು. ನಿಲ್ಲದೆ ಟೈರ್ ನೋಡುವುದಕ್ಕಾಗುವುದಿಲ್ಲ.

ಕುಮಟಾ ದಾಟಿದ ಮೇಲೆ ಎರಡನೇ ತಪಾಸಣೆ. ಈ ಸಲ ಬಂದ ಮೋಟಾರು ವಾಹನ ಇನ್‌ಸ್ಪೆಕ್ಟರ್ ಕಾಗದ ನೋಡಿದ ಮೇಲೆ ಟಾರ್ಚ್ ಹಿಡಿದು ಬಗ್ಗಿದರು. ಹಿಂದಿನ ದೀಪ, ಹೊಳೆಯುವ ಪಟ್ಟಿ, ಆಮೇಲೆ ಟೈರ್. ಗಾಡಿಯೊಳಗೆ ತಣ್ಣಗೆ ಕೂರಬಹುದಾಗಿದ್ದ ಮನುಷ್ಯ ಮಣ್ಣಲ್ಲಿ ಮೊಣಕಾಲೂರಿ ಒಂದೊಂದೇ ಟೈರಿನ ಗೀರುಗಳಿಗೆ ಬೆಳಕು ಬಿಟ್ಟು ನೋಡಿದ್ದು ನನಗೆ ಬಹಳ ಹಿಡಿಸಿತು. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂಬುದು ನಿಯಮ. ಅಷ್ಟು ಸವೆದಾಗ, ಸವೆತ ತೋರಿಸಲೆಂದೇ ಗೀರಿನ ತಳದಲ್ಲಿರುವ ಉಬ್ಬು ಮೇಲ್ಮೈಗೆ ಸಮವಾಗುತ್ತದೆ. ಬಲಗಡೆ ಹಿಂದಿನ ಒಂದು ಟೈರ್ ಅದರ ಅಂಚಿಗೆ ಬಂದಿತ್ತು.

"ಇದು ಇನ್ನು ಎಷ್ಟು ದಿನ?" ಎಂದು ಕೇಳಿದರು.

"ಮಾಲಕರಿಗೆ ಹೇಳೇನ್ರಿ ಸರ್," ಎಂದ ಮಾಮಾ.

"ಹೇಳಿದ್ರೆ ಸಾಲದು, ಬದಲಾಯಿಸಿ." ದಂಡ ಹಾಕದೆ, ಟೈರಿನ ಪಕ್ಕೆಗೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಕಳಿಸಿದರು.

ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಆಗುವ ಎಫ್‌ಸಿಗಿಂತ ದಾರಿಯಲ್ಲಿ ಹೀಗೆ ಐದು ನಿಮಿಷ ಬಗ್ಗಿ ನೋಡುವುದು ಹೆಚ್ಚು ಜೀವ ಉಳಿಸುತ್ತದೆ ಎಂದು ನಾನು ನಂಬುತ್ತೇನೆ. ಎಫ್‌ಸಿ ದಿನಕ್ಕೆಂದು ಒಳ್ಳೆಯ ಟೈರ್ ತಂದು ಹಾಕಿ, ಸಂಜೆ ಬಿಚ್ಚಿ ವಾಪಸು ಕೊಡುವ ಮಾಲಕರನ್ನು ಮಾಮಾ ಕಂಡಿದ್ದಾನೆ. ದಂಡದ ಚೀಟಿ ಬರುವುದು ಡ್ರೈವರ್ ಕೈಗೆ, ಟೈರ್ ಕೊಳ್ಳುವ ದುಡ್ಡಿರುವುದು ಮಾಲಕನ ಕೈಯಲ್ಲಿ.

ಮಂಗಳೂರು ಬಂದರಿನಲ್ಲಿ ಹಮಾಲರು ಚೀಲ ಇಳಿಸುತ್ತಿದ್ದಾಗ ಮಾಮಾ ಮಾಲಕರಿಗೆ ಫೋನ್ ಹಚ್ಚಿದ. ಮುಂದಿನ ಟ್ರಿಪ್ಪಿಗೆ ನೋಡೋಣ ಎಂಬ ಮಾತು ನನಗೂ ಕೇಳಿಸಿತು. "ಅಲ್ರೀ ಸಾವ್ಕಾರ್ರ, ಹೊಳ್ಳಿ ಬರೂವಾಗ ಘಟ್ಟ ಹತ್ತಬೇಕ್ರಿ. ಈ ಟೈರ್ ಮ್ಯಾಲೆ ನಾ ತುಂಬಿದ ಗಾಡಿ ಹತ್ತಿಸಂಗಿಲ್ಲ," ಎಂದ ಮಾಮಾ, ದನಿ ಏರಿಸದೆ. ಆಚೆ ಬಹಳ ಹೊತ್ತು ಮಾತು ನಡೆಯಿತು. ಕೊನೆಗೆ ದುಡ್ಡು ಹಾಕುತ್ತೇನೆ ಎಂದರು. ಮಾಮಾ ಕ್ಲೀನರ್ ಹುಡುಗನಿಗೆ ಜಾಕಿ ತೆಗೆಯಲು ಹೇಳಿ ಟೈರ್ ಅಂಗಡಿ ಹುಡುಕಲು ಹೊರಟ.