ಬೈಕ್ ಕಲಿಕೆಯ ಒಂಬತ್ತನೇ ವಾರ: ಪಟ್ಟಿಯಲ್ಲಿದ್ದ ಮೂರೂ ಬೈಕು ಹೊಡೆದುಹಾಕಿದೆ

ಹೋದ ಸಲ ಬರೆದಾಗ ಕೊಳ್ಳಬೇಕೆಂದಿದ್ದ ಪಟ್ಟಿಯಲ್ಲಿ ಮೂರು ಬೈಕುಗಳಿದ್ದವು, ಮೂರೂ 600 ಸಿಸಿ ಆಸುಪಾಸಿನವು. ಈಗ ಒಂದೂ ಉಳಿದಿಲ್ಲ. ಆರನೇ ವಾರ ಅಕ್ಕನ ಬೈಕನ್ನು ನಿಂತ ಜಾಗದಲ್ಲೇ ಕೆಡವಿದೆ, ಅಲ್ಲಿಂದ ಲೆಕ್ಕವೆಲ್ಲ ತಲೆಕೆಳಗಾಯಿತು.

ಆರನೇ ವಾರ

ಅಲ್ಲಿಯವರೆಗೆ ಕಲಿಯುತ್ತಿದ್ದದ್ದು 125 ಸಿಸಿಯ ಹಳೇ ಬೈಕಿನಲ್ಲಿ, ತೂಕ ಸುಮಾರು 120 ಕೆಜಿ. ಹಾಫ್ ಕ್ಲಚ್ (ಕ್ಲಚ್ ಅರ್ಧ ಬಿಟ್ಟು ನಿಧಾನ ಓಡಿಸುವುದು) ಹಿಡಿತಕ್ಕೆ ಬಂದಿತ್ತು, ಕಾಲು ಊರದೆ ಎಂಟು ಹಾಕುತ್ತಿದ್ದೆ. ಸ್ವಲ್ಪ ಸೊಕ್ಕೂ ಬಂದಿತ್ತೆನ್ನಿ. ಅಕ್ಕನ 200 ಕೆಜಿಯ ಬೈಕು ಇಸಕೊಂಡು ಖಾಲಿ ಮೈದಾನದಲ್ಲಿ ಯು-ಟರ್ನ್ ತೆಗೆದುಕೊಳ್ಳುತ್ತಿದ್ದೆ. ವೇಗ ನಡಿಗೆಯಷ್ಟು, ಹ್ಯಾಂಡಲ್ ಪೂರ್ತಿ ಬಲಕ್ಕೆ. ಎದುರಿಗೊಂದು ಕಲ್ಲು ಕಂಡದ್ದೇ ತಡ, ಬೆರಳುಗಳು ತಾವಾಗಿ ಮುಂದಿನ ಬ್ರೇಕ್ ಹಿಂಡಿಬಿಟ್ಟವು. ಬೈಕು ಗಕ್ಕನೆ ನಿಂತು ಬಲಕ್ಕೆ ವಾಲಿತು. ಕಾಲು ಕೊಟ್ಟೆ. ಹಳೇ ಬೈಕಾಗಿದ್ದರೆ ಆ ಕಾಲು ತಡೆಯುತ್ತಿತ್ತು. ಇದಕ್ಕೆ ಮಂಡಿ ನಡುಗಿತು, ಬೈಕು ಎಮ್ಮೆ ಮಲಗಿದ ಹಾಗೆ ನಿಧಾನವಾಗಿ ಮಲಗಿತು. ಬ್ರೇಕ್ ಲಿವರಿನ ತುದಿಯ ಗುಂಡು ಮುರಿದು ಮಣ್ಣಲ್ಲಿ ಬಿದ್ದಿತ್ತು.

ಅಕ್ಕ ಬೈಯಲಿಲ್ಲ. "ಎತ್ತು ನೋಡೋಣ" ಅಂದಳು, ಅಷ್ಟೇ.

ಹ್ಯಾಂಡಲ್ ಹಿಡಿದು ಸೊಂಟ ಬಗ್ಗಿಸಿ ಎಳೆದೆ. ಅಲುಗಲಿಲ್ಲ. ಆಮೇಲೆ ಅವಳೇ ಹೇಳಿಕೊಟ್ಟಳು: ಎಂಜಿನ್ ಆಫ್ ಮಾಡು, ಗೇರಿನಲ್ಲಿಡು, ಇಲ್ಲದಿದ್ದರೆ ಎತ್ತುವಾಗ ಉರುಳುತ್ತೆ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಕ್ಕೆ ಚಾಚಿಡು, ಎತ್ತಿದ ಭರದಲ್ಲಿ ಎಡಕ್ಕೆ ಬೀಳಬಾರದು. ಬೈಕಿಗೆ ಬೆನ್ನು ಮಾಡಿ ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒತ್ತು. ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಹಿಂದಿನ ಹಿಡಿಗೆ. ಬೆನ್ನು ನೇರ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆ. ಮೂರನೇ ಸಲಕ್ಕೆ ಎದ್ದಿತು. ಆ ರಾತ್ರಿ ತೊಡೆ ನೋವು ಹೇಳತೀರದು.

ಏಳನೇ ವಾರ

ಬೈಕು ನೋಡುವಾಗ ಈಗ ಮೊದಲು ಕೇಳುವುದು ತೂಕ, ಆಮೇಲೆ ಸೀಟಿನ ಎತ್ತರ, ಕೊನೆಗೆ ಸಿಸಿ. ತೂಕದಲ್ಲೂ ಒಂದು ಆಟವಿದೆ. ಕೆಲವು ಕಡೆ ಕೊಡುವುದು ಪೆಟ್ರೋಲು, ಆಯಿಲ್ ಇಲ್ಲದ ತೂಕ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆಜಿ ತೂಗುತ್ತದೆ, 14 ಲೀಟರಿನ ಟ್ಯಾಂಕ್ ತುಂಬಿದರೆ ಅದೇ ಹತ್ತು ಕೆಜಿ, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಕರ್ಬ್ ವೇಟ್, ಅಂದರೆ ಪೆಟ್ರೋಲು, ಆಯಿಲ್ ಎಲ್ಲ ಸೇರಿದ ತೂಕ, ಎಷ್ಟೆಂದೇ ಕೇಳಬೇಕು. ಸೀಟಿನ ಎತ್ತರವನ್ನಂತೂ ಕಾಗದದ ಮೇಲೆ ನಂಬಲಾರೆ. 790 ಮಿ.ಮೀ. ಇದ್ದ ಒಂದರಲ್ಲಿ ಕಾಲು ಎಟುಕಲಿಲ್ಲ, 810 ಇದ್ದ ಇನ್ನೊಂದರಲ್ಲಿ ಎಟುಕಿತು. ಎರಡನೆಯದರ ಸೀಟು ಮುಂದೆ ಕಿರಿದಾಗಿತ್ತು.

600 ಸಿಸಿಯ ಸ್ಪೋರ್ಟ್ಸ್ ಬೈಕನ್ನು ಕೈಬಿಟ್ಟದ್ದು ಟಾಪ್ ಸ್ಪೀಡಿಗೆ ಹೆದರಿ ಅಂತ ಗೆಳೆಯರು ತಿಳಿದಿದ್ದಾರೆ. ನನ್ನ ಹೆದರಿಕೆ ಬಲ ಮಣಿಕಟ್ಟಿನದು. ಗುಂಡಿಗೆ ಇಳಿದಾಗ ಮೈ ಹಿಂದಕ್ಕೆ ಜೋಲಿ ಹೊಡೆಯುತ್ತದೆ, ಆಕ್ಸಿಲರೇಟರ್ ಹಿಡಿದ ಮಣಿಕಟ್ಟು ತಾನಾಗಿ ತಿರುಗುತ್ತದೆ, ಬೈಕು ಇನ್ನೂ ಮುಂದಕ್ಕೆ ನುಗ್ಗಿ ಮೈ ಇನ್ನೂ ಹಿಂದಕ್ಕೆ ಹೋಗುತ್ತದೆ. 125ರಲ್ಲಿ ಇದು ನಗುವ ಸಂಗತಿ. ನೂರು ಅಶ್ವಶಕ್ತಿ ದಾಟಿದ ಎಂಜಿನ್‌ನಲ್ಲಿ ನಗಲು ಪುರುಸೊತ್ತು ಸಿಗುವುದಿಲ್ಲ.

ಎಂಟನೇ ವಾರ

ವಾರವಿಡೀ ಬ್ರೇಕ್ ಒಂದೇ ಪಾಠ. ಸೀಮೆಸುಣ್ಣದ ಗೆರೆ ಎಳೆದು ಟೇಪ್ ಹಿಡಿದು ಅಳೆದೆ. ಗಂಟೆಗೆ 25 ಕಿ.ಮೀ.ಯಿಂದ ಹಿಡಿದರೆ ಸುಮಾರು 5 ಮೀಟರಿನಲ್ಲಿ ನಿಂತೆ. 50ರಿಂದ ಹಿಡಿದಾಗ 19 ದಾಟಿತು. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು ಅಂತ ಶಾಲೆಯಲ್ಲಿ ಓದಿದ್ದೆ. ಗೆರೆಯಿಂದ ಅಷ್ಟು ದೂರ ನಡೆದು ಬರುವಾಗ ಮೈ ಜುಂ ಅಂದಿತು. ಇದು ಬ್ರೇಕ್ ಹಿಡಿದ ಮೇಲಿನ ದೂರ. ಅಪಾಯ ಕಂಡು ಕೈ ಲಿವರಿಗೆ ಹೋಗಲು ಒಂದು ಸೆಕೆಂಡ್ ಹಿಡಿದರೂ 50ರಲ್ಲಿ ಇನ್ನೊಂದು 14 ಮೀಟರ್ ಸೇರಿಸಿಕೊಳ್ಳಬೇಕು.

ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದು, ಆದರೆ ಅದನ್ನು ಕಿತ್ತುಕೊಳ್ಳುವಂತೆ ಎಳೆಯಬಾರದು. ಮೊದಲು ಮೆಲ್ಲಗೆ ಹಿಂಡಿದರೆ ಮುಂದಿನ ಶಾಕ್ ಕುಗ್ಗಿ ಭಾರ ಮುಂದಿನ ಟೈರಿಗೆ ಬರುತ್ತದೆ, ಆಮೇಲೆ ಗಟ್ಟಿಯಾಗಿ ಹಿಂಡಬಹುದು. ನನ್ನ ಹಳೇ ಬೈಕಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲ. ಹಿಂದಿನ ಬ್ರೇಕ್ ತುಳಿದು ಎರಡು ಸಲ ಹಿಂಚಕ್ರ ಪಕ್ಕಕ್ಕೆ ಜಾರಿತು. ಹೊಸ ಪಟ್ಟಿಗೆ ಎಬಿಎಸ್ ಕಡ್ಡಾಯ.

ರಾತ್ರಿ ಹರ್ಟ್ ವರದಿಯ ಬಗ್ಗೆ ಓದಿದೆ. 1981ರಲ್ಲಿ ಹೊರಬಂದದ್ದು, ಲಾಸ್ ಏಂಜಲಿಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿದ್ದರು. ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಬೈಕಿನಲ್ಲಿ ಐದು ತಿಂಗಳ ಅನುಭವವೂ ಇರಲಿಲ್ಲವಂತೆ. ನನಗೆ ಎರಡು ತಿಂಗಳು. ಅದೂ ಬೇರೆ ಬೈಕಿನಲ್ಲಿ.

ಒಂಬತ್ತನೇ ವಾರ

ಹೆಲ್ಮೆಟ್ ಬದಲಾಯಿಸಿದೆ. ಹಳೆಯದರ ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ತಳ್ಳಿದರೆ ಕಳಚಿ ಬರುತ್ತಿತ್ತು. ಹೊಸದು ಮುಖ ಪೂರ್ತಿ ಮುಚ್ಚುವಂಥದ್ದು, ಕೆನ್ನೆ ಒತ್ತಿ ಮಾತು ತೊದಲುತ್ತದೆ. ಗ್ಲೌಸ್, ಕಣಕಾಲು ಮುಚ್ಚುವ ಬೂಟು ಬಂದವು. ಜಾಕೆಟ್ ಮುಂದಿನ ತಿಂಗಳು.

ಈಗಿನ ಪಟ್ಟಿ: 200ರಿಂದ 250 ಸಿಸಿ, ಕರ್ಬ್ ವೇಟ್ 150 ಕೆಜಿ ಆಸುಪಾಸು, ಎಬಿಎಸ್, ಸೆಕೆಂಡ್ ಹ್ಯಾಂಡ್. ಹೇಗೂ ಒಂದೆರಡು ಸಲ ಕೆಡವುವವನೇ, ಹೊಸದರ ಬಣ್ಣ ಯಾಕೆ ಹಾಳು ಮಾಡಲಿ? ಶನಿವಾರ ಒಂದನ್ನು ನೋಡಿ ಬಂದೆ. ಟೈರಿನ ಗೀರು ಚೆನ್ನಾಗಿತ್ತು, ಪಕ್ಕದಲ್ಲಿ ಮಾತ್ರ 2316 ಅಂತ ಅಚ್ಚಾಗಿತ್ತು: 2016ರ 23ನೇ ವಾರ ತಯಾರಾದದ್ದು. ರಬ್ಬರು ಉಗುರು ಇಳಿಯದಷ್ಟು ಗಟ್ಟಿಯಾಗಿತ್ತು. ಎರಡೂ ಟೈರು ಬದಲಾಯಿಸುವ ಖರ್ಚು ಕಳೆದು ಕೊಡಿ ಎಂದಿದ್ದೇನೆ, ಮಾಲೀಕರು ಯೋಚಿಸಿ ಹೇಳುತ್ತಾರಂತೆ.

ಅಕ್ಕನ ಬೈಕಿಗೆ ಹೊಸ ಲಿವರ್ ಹಾಕಿಸಿಕೊಟ್ಟೆ. ಒದ್ದೆ ನೆಲದ ಬ್ರೇಕಿಂಗ್ ಇನ್ನೂ ಬಾಕಿ ಇದೆ.