ಜ್ಯೂರಿ ಒಮ್ಮತಕ್ಕೆ ಬರದಿದ್ದರೆ ಮತ್ತೆ ವಿಚಾರಣೆ ಮಾಡಬೇಕಾ?

ನಮ್ಮ ಮನೆ ಇರುವುದು ಶಿಕಾಗೋ ಪಕ್ಕದಲ್ಲಿ. ಹಾಗಾಗಿ ನಮ್ಮ ಮಾಜಿ ಗವರ್ನರ್ ರಾಡ್ ಬ್ಲಾಗೊಯೆವಿಚ್ ಹೆಸರು ಸುದ್ದಿಗೆ ಬಂದಾಗಲೆಲ್ಲ ಊರಿಂದ ಒಂದು ಫೋನು ಗ್ಯಾರಂಟಿ. 2020ರಲ್ಲಿ ಟ್ರಂಪ್ ಆತನನ್ನು ಅವಧಿಗೆ ಮುಂಚೆ ಜೈಲಿನಿಂದ ಬಿಡಿಸಿದಾಗ ಬಂತು. 2025ರ ಫೆಬ್ರವರಿಯಲ್ಲಿ ಪೂರ್ತಿ ಕ್ಷಮಾದಾನ ಕೊಟ್ಟಾಗ ಮತ್ತೆ ಬಂತು. ಭಾವನ ಪ್ರಶ್ನೆ ಮಾತ್ರ ಅದೇ. "ಮೊದಲ ಸಲ ಸರ್ಕಾರಕ್ಕೆ ಸಾಬೀತು ಮಾಡೋಕೆ ಆಗಲಿಲ್ಲ. ಮತ್ತೆ ಅದೇ ಕೇಸು ನಡೆಸಿದ್ದು ಸೇಡು ಅಲ್ವಾ?" ಇಲ್ಲಿನ ಕನ್ನಡದವರೂ ಇದನ್ನೇ ಕೇಳುತ್ತಾರೆ. ಒಂದು ಸಲ ಬರೆದುಬಿಡೋಣ ಅನ್ನಿಸಿತು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬ್ಲಾಗೊಯೆವಿಚ್ ಆಗ ಇಲಿನಾಯ್ ರಾಜ್ಯದ ಗವರ್ನರ್. ಅಮೆರಿಕದಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ರಾಜಭವನದ ರಾಜ್ಯಪಾಲರಲ್ಲ. 2008ರಲ್ಲಿ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದ ಮೇಲೆ ಸೆನೆಟ್‌ನಲ್ಲಿ (ಸಂಸತ್ತಿನ ಮೇಲ್ಮನೆ) ಅವರ ಸೀಟು ಖಾಲಿಯಾಯಿತು. ಅದಕ್ಕೆ ಯಾರನ್ನು ನೇಮಿಸಬೇಕು ಅನ್ನುವುದು ಗವರ್ನರ್ ಕೈಯಲ್ಲಿತ್ತು. ಇದು ಚಿನ್ನದಂಥದ್ದು, ಸುಮ್ನೆ ಯಾಕೆ ಬಿಟ್ಟುಕೊಡಲಿ ಎಂಬರ್ಥದ ಆತನ ಮಾತು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕದ್ದು ಕೇಳುತ್ತಿದ್ದ ಫೋನಿನಲ್ಲಿ ದಾಖಲಾಯಿತು. ಡಿಸೆಂಬರ್ 9ರಂದು ಬೆಳಗ್ಗೆಯೇ ಬಂಧನ. ಆರೋಪ ಸೀಟಿನದ್ದೊಂದೇ ಅಲ್ಲ. ಮಕ್ಕಳ ಆಸ್ಪತ್ರೆಯೊಂದಕ್ಕೆ ಸರ್ಕಾರದ ಹಣ ಜಾಸ್ತಿ ಕೊಡುವುದಕ್ಕೆ ಬದಲಾಗಿ ಅದರ ಮುಖ್ಯಸ್ಥರಿಂದ 50,000 ಡಾಲರ್ ಚುನಾವಣಾ ದೇಣಿಗೆ ಎಳೆಯಲು ನೋಡಿದ್ದೂ ಪಟ್ಟಿಯಲ್ಲಿತ್ತು. ನನಗೆ ಸೆನೆಟ್ ಸೀಟಿಗಿಂತ ಹೆಚ್ಚು ಹೇಸಿಗೆ ಅನ್ನಿಸಿದ್ದು ಇದು.

2010ರ ಬೇಸಿಗೆಯಲ್ಲಿ ವಿಚಾರಣೆ ನಡೆಯಿತು. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಹನ್ನೆರಡು ಸಾಮಾನ್ಯ ಜನ, 14 ದಿನ ಚರ್ಚೆ ಮಾಡಿತು. 24 ಆರೋಪಗಳಲ್ಲಿ ಒಂದರಲ್ಲಿ ಮಾತ್ರ ತಪ್ಪಿತಸ್ಥ ಎಂದಿತು, ಎಫ್‌ಬಿಐಗೆ ಸುಳ್ಳು ಹೇಳಿದ್ದಕ್ಕೆ. ಉಳಿದ 23ರಲ್ಲಿ ಒಮ್ಮತವೇ ಇಲ್ಲ.

ಭಾವ ಎಡವುವುದು ಇಲ್ಲೇ. ಒಮ್ಮತ ಇಲ್ಲ ಅಂದರೆ ಖುಲಾಸೆ ಅಲ್ಲ. ಜ್ಯೂರಿಯ ಹನ್ನೆರಡೂ ಜನ 'ತಪ್ಪಿತಸ್ಥ' ಅನ್ನಬೇಕು, ಇಲ್ಲವೇ ಹನ್ನೆರಡೂ ಜನ 'ಅಲ್ಲ' ಅನ್ನಬೇಕು. ಹನ್ನೊಂದು ಜನ ಒಂದು ಕಡೆ ಇದ್ದರೂ ತೀರ್ಪೇ ಇಲ್ಲ. ತೀರ್ಪು ಇಲ್ಲದ ಮೇಲೆ 'ಒಂದೇ ತಪ್ಪಿಗೆ ಎರಡು ಸಲ ವಿಚಾರಣೆ' ಎಂಬ ತಕರಾರೂ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 1824ರಲ್ಲೇ ಹೇಳಿದೆ.

ಭಾರತದಲ್ಲಿ ಇದು ವಿಚಿತ್ರ ಅನ್ನಿಸುವುದಕ್ಕೆ ಕಾರಣ ಇದೆ. ನೌಕಾಪಡೆ ಅಧಿಕಾರಿ ನಾನಾವತಿಯ ಕೊಲೆ ಕೇಸಿನಲ್ಲಿ ಜ್ಯೂರಿ 8-1ರಲ್ಲಿ 'ತಪ್ಪಿತಸ್ಥ ಅಲ್ಲ' ಅಂದಿದ್ದು 1959ರಲ್ಲಿ. ಆಮೇಲೆ ನಮ್ಮಲ್ಲಿ ಜ್ಯೂರಿ ಪದ್ಧತಿಯೇ ಹೋಯಿತು. ಈಗ ನಮ್ಮದು ಜಡ್ಜ್, ತೀರ್ಪು, ಅಪೀಲು. ಜಯಲಲಿತಾ ಕೇಸು ನೆನಪಿದೆಯಾ? 2014ರಲ್ಲಿ ಬೆಂಗಳೂರಿನ ವಿಶೇಷ ಕೋರ್ಟಿನಲ್ಲಿ ಶಿಕ್ಷೆ. 2015ರಲ್ಲಿ ಹೈಕೋರ್ಟಿನಲ್ಲಿ ಖುಲಾಸೆ. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು, ಆದರೂ 2017ರಲ್ಲಿ ಉಳಿದ ಆರೋಪಿಗಳ ಖುಲಾಸೆ ರದ್ದಾಯಿತು. ಅಮೆರಿಕದಲ್ಲಿ ಜ್ಯೂರಿ ಖುಲಾಸೆ ಮಾಡಿದರೆ ಮುಗಿಯಿತು, ಸರ್ಕಾರ ಅಪೀಲು ಹೋಗುವ ಹಾಗೇ ಇಲ್ಲ. ಹಾಗೆ ನೋಡಿದರೆ ರಾಜಕಾರಣಿಯ ಬೆನ್ನು ಹತ್ತುವುದರಲ್ಲಿ ನಾವೇ ಒಂದು ಕೈ ಮೇಲು!

ಕಾನೂನು ಬಿಡುತ್ತದೆ, ಸರಿ. ಆದರೆ ಮಾಡಬೇಕಾ? ನನ್ನ ಪ್ರಕಾರ ನೋಡಬೇಕಾದ್ದು ಜ್ಯೂರಿ ಯಾಕೆ ಸಿಕ್ಕಿಹಾಕಿಕೊಂಡಿತು ಅನ್ನುವುದನ್ನು. ವಿಚಾರಣೆ ಮುಗಿದ ಮೇಲೆ ಜ್ಯೂರಿಯವರು ಮಾತಾಡಬಹುದು, ಈ ಕೇಸಿನಲ್ಲಿ ಮಾತಾಡಿದರು. ಸೆನೆಟ್ ಸೀಟಿನ ವಿಷಯದಲ್ಲಿ 11-1 ಇತ್ತಂತೆ. ಬೇರೆ ಕೆಲವು ಆರೋಪಗಳಲ್ಲಿ ಒಡಕು ಇನ್ನೂ ದೊಡ್ಡದು. ಕೇಸು ಬಿಡಿಸಲಾಗದ ಹಾಗೆ ಗೋಜಲಾಗಿತ್ತು ಎಂಬ ದೂರೂ ಬಂತು. ಪ್ರಾಸಿಕ್ಯೂಟರ್‌ಗಳು (ಸರ್ಕಾರದ ವಕೀಲರು) ತೀರ್ಪಿನ ದಿನವೇ 'ಮತ್ತೆ ನಡೆಸುತ್ತೇವೆ' ಅಂದರು. ಆ ಅವಸರ ನನಗೆ ಹಿಡಿಸಲಿಲ್ಲ. ಆದರೆ ಆಮೇಲೆ ಮಾಡಿದ್ದು ಹಿಡಿಸಿತು. ಎಲ್ಲಕ್ಕಿಂತ ಜಟಿಲವಾದ ಸಂಘಟಿತ ಅಪರಾಧದ ಆರೋಪಗಳನ್ನು ಕೈಬಿಟ್ಟರು. 23 ಹೋಗಿ 20 ಆಯಿತು. ಚಿಕ್ಕದಾಗಿಸಿದ, ನೇರವಾದ ಕೇಸು. 2011ರ ಜೂನ್‌ನಲ್ಲಿ ಹೊಸ ಜ್ಯೂರಿ 17ರಲ್ಲಿ ತಪ್ಪಿತಸ್ಥ ಎಂದಿತು. 14 ವರ್ಷ ಶಿಕ್ಷೆ.

'ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ' ಅನ್ನುತ್ತಾರಲ್ಲ, ಅದೂ ನಿಜ. ಮೊದಲ ವಿಚಾರಣೆಯಲ್ಲಿ ಆತನ ಚುನಾವಣಾ ನಿಧಿ ಖಾಲಿಯಾಯಿತು. ಎರಡನೆಯದಕ್ಕೆ ಆತನ ವಕೀಲರ ಫೀಸೂ ಜನರ ತೆರಿಗೆಯಿಂದಲೇ ಹೋಯಿತು. ಸರ್ಕಾರದ ಚೀಲಕ್ಕೆ ತಳ ಇಲ್ಲ, ಎದುರಿಗಿರುವವನ ಚೀಲಕ್ಕೆ ಇದೆ. ಅದಕ್ಕೇ ಅಣ್ಣ ರಾಬರ್ಟ್ ವಿಷಯ ಮುಖ್ಯ. ಆತನ ನಾಲ್ಕು ಆರೋಪಗಳಲ್ಲೂ ಜ್ಯೂರಿ ಒಡೆದಿತ್ತು. ತಮ್ಮನ ಪರವಾಗಿ ಸ್ವಲ್ಪ ಕಾಲ ಚಂದಾ ಎತ್ತಿದವನು, ಅಧಿಕಾರದಲ್ಲಿ ಇದ್ದವನಲ್ಲ. ತೀರ್ಪಿನ ಒಂಬತ್ತೇ ದಿನಕ್ಕೆ ಆತನ ಮೇಲಿನ ಕೇಸು ಬಿಟ್ಟರು. ಅದೇ ಪ್ರಾಸಿಕ್ಯೂಟರ್‌ಗಳು, ಅದೇ ಜ್ಯೂರಿ, ಬೇರೆ ನಿರ್ಧಾರ. ಸೇಡಾಗಿದ್ದರೆ ಅಣ್ಣನನ್ನೂ ಎಳೆಯುತ್ತಿದ್ದರು.

ಇನ್ನೊಂದು ಕೇಸು ನೋಡಿ. ಆಗ ನ್ಯೂಜೆರ್ಸಿಯ ಸೆನೆಟರ್ ಆಗಿದ್ದ ಬಾಬ್ ಮೆನೆಂಡೆಜ್‌ನದ್ದು. 2017ರ ನವೆಂಬರ್‌ನಲ್ಲಿ ಅಲ್ಲೂ ಜ್ಯೂರಿ ಒಡೆಯಿತು. ಆದರೆ 10-2ರಲ್ಲಿ ಬಿಡುಗಡೆಯ ಕಡೆ ಇತ್ತು ಎಂದು ಜ್ಯೂರಿಯವರೊಬ್ಬರು ಹೇಳಿದರು. ಆಮೇಲೆ ಜಡ್ಜೇ ಏಳು ಆರೋಪ ಹೊಡೆದುಹಾಕಿದರು. ಉಳಿದದ್ದನ್ನು ಸರ್ಕಾರ 2018ರ ಜನವರಿಯಲ್ಲಿ ಕೈಬಿಟ್ಟಿತು. ಸರಿಯಾಗೇ ಮಾಡಿತು. ಇದೇ ಮನುಷ್ಯ ಚಿನ್ನದ ಗಟ್ಟಿಗಳ ಸಮೇತ ಬೇರೊಂದು ಕೇಸಿನಲ್ಲಿ ಸಿಕ್ಕಿಬಿದ್ದು 2024ರಲ್ಲಿ ತಪ್ಪಿತಸ್ಥನಾದ. 'ನೋಡಿ, ಆಗಲೇ ಬಿಡಬಾರದಿತ್ತು' ಎಂದು ಕೆಲವರು ಅಂದರು. ನಾನು ಒಪ್ಪುವುದಿಲ್ಲ. ಹೊಸ ತಪ್ಪು ಸಿಕ್ಕಿತು ಅಂತ ಹಳೆಯ ದುರ್ಬಲ ಕೇಸು ಗಟ್ಟಿಯಾಗುತ್ತದಾ?

ಹೋದ ವಾರ ಭಾವ ಮತ್ತೆ ಫೋನು ಮಾಡಿ ಹೊಸದೊಂದು ಎಳೆ ಹಿಡಿದ. "ಎರಡನೇ ಸಲವೂ ಸಿಕ್ಕಿಹಾಕಿಕೊಂಡರೆ?" ಬ್ಲಾಗೊಯೆವಿಚ್ ಕೇಸಿನಲ್ಲೇ ಹಾಗಾಗಿತ್ತು. ಎರಡನೇ ಜ್ಯೂರಿ ಒಂದು ಆರೋಪದಲ್ಲಿ ಬಿಟ್ಟಿತು, ಇನ್ನೆರಡರಲ್ಲಿ ಮತ್ತೆ ಒಮ್ಮತ ಇಲ್ಲ. ಆ ಎರಡನ್ನು ಮೂರನೇ ಸಲ ಯಾರೂ ಎತ್ತಲಿಲ್ಲ. 2015ರಲ್ಲಿ ಮೇಲಿನ ಕೋರ್ಟು, ಸೀಟಿಗೆ ಬದಲಾಗಿ ಮಂತ್ರಿಗಿರಿ ಕೇಳಿದ್ದು ರಾಜಕೀಯದ ಮಾಮೂಲಿ ಕೊಡು-ಕೊಳ್ಳುವ ವ್ಯವಹಾರ ಎಂದು ಐದು ಆರೋಪಗಳ ತೀರ್ಪನ್ನು ರದ್ದು ಮಾಡಿತು. ಅವನ್ನೂ ಮತ್ತೆ ನಡೆಸಲಿಲ್ಲ. ಶಿಕ್ಷೆ ಮಾತ್ರ ಅದೇ 14 ವರ್ಷ ಉಳಿಯಿತು. ಅದನ್ನು ಕೇಳಿ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ಐದು ಹೋದರೂ ಒಂದು ದಿನ ಕಮ್ಮಿ ಆಗಲಿಲ್ವಾ?" ಅಂದ. ಅದು ಬೇರೆ ಪ್ರಶ್ನೆ, ಅದಕ್ಕೆ ಇನ್ನೊಂದು ಸಲ ಬರೆಯುತ್ತೇನೆ.