ಎದ್ದು ಹೋಗದಿರೋಕೆ ಒಂದು ಕಾರಣ

12 ಜುಲೈ 2025, ಶನಿವಾರ
ಹನುಮಂತನಗರ, ಬೆಂಗಳೂರು

ಇವತ್ತು ರಿಹರ್ಸಲ್‌ನಲ್ಲಿ ಅಣ್ಣನ ಪಾತ್ರ ಮಾಡುವ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ. "ಮೇಡಂ, ತಂಗಿ ಇಷ್ಟೆಲ್ಲ ಅಂದಮೇಲೂ ನಾನ್ಯಾಕೆ ಇಲ್ಲೇ ಕೂತಿರ್ತೀನಿ? ಎದ್ದು ಹೊರಗೆ ಹೋಗಿ ಒಂದು ಸಿಗರೇಟ್ ಸೇದಬಹುದಲ್ವಾ?"

"ಟೋಕನ್ ಯಾವಾಗ ಕೂಗ್ತಾರೋ ಗೊತ್ತಿಲ್ಲವಲ್ಲಪ್ಪ" ಅಂದೆ. ಅವನಿಗೆ ಅಷ್ಟೇ ಸಾಕಾಯಿತು. ಆಮೇಲೆ ಆ ದೃಶ್ಯದಲ್ಲಿ ಅವನು ಕೂತ ರೀತಿಯೇ ಬದಲಾಯಿತು. ಬೆಂಚಿನ ತುದಿಗೆ ಸರಿದು, ಕಿವಿ ಮಾತ್ರ ಕೌಂಟರ್ ಕಡೆ.

ನಾಟಕ ಇಷ್ಟೇ: ಸಬ್ ರಿಜಿಸ್ಟ್ರಾರ್ ಆಫೀಸು. ಅಪ್ಪನ ಮನೆಯ ಮೇಲಿನ ಹಕ್ಕು ಬಿಟ್ಟುಕೊಡಲು ತಂಗಿ ಬಂದಿದ್ದಾಳೆ. ಸರ್ವರ್ ಡೌನ್. ಫೋಟೊ, ಹೆಬ್ಬೆಟ್ಟು ಆಗುವವರೆಗೂ ಇಬ್ಬರೂ ಕಾಯಬೇಕು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅನ್ನೋದು ಇಬ್ಬರಿಗೂ ಗೊತ್ತು. ಆದರೆ ಆ ಮಾತನ್ನು ಇಬ್ಬರೂ ಆಡುವುದಿಲ್ಲ. ಆಡಿಬಿಟ್ಟರೆ ಅದು ನಾಟಕವಲ್ಲ, ಕಾನೂನು ಅರಿವು ಶಿಬಿರ.

ಅವರು ಆಡೋದು ಕಾಫಿ ಬಗ್ಗೆ.

ಅಣ್ಣ: ಕಾಫಿ ತರ್ಲಾ? ಸಕ್ಕರೆ ಜಾಸ್ತಿ ಹಾಕಿಸ್ತೀನಿ, ನಿಂಗಿಷ್ಟ.
ತಂಗಿ: ನಾನು ಸಕ್ಕರೆ ಬಿಟ್ಟು ಎಷ್ಟು ವರ್ಷ ಆಯ್ತು ಗೊತ್ತೇನೋ ನಿಂಗೆ?

ಅವಳಿಗೆ ಶುಗರ್ ಇರೋದೇ ಅಣ್ಣನಿಗೆ ಗೊತ್ತಿಲ್ಲ. ಮನೆ ಯಾರದು ಅನ್ನೋ ಜಗಳ ಅಲ್ಲಿಂದಲೇ ಶುರುವಾಗುತ್ತೆ.

ಕಿರುನಾಟಕ ಬರೆಯಲು ಕೂತಾಗ ನಾನು ಮೊದಲು ಹುಡುಕೋದು ಕಥೆಯನ್ನಲ್ಲ. ಇವರಿಬ್ಬರೂ ಯಾಕೆ ಎದ್ದು ಹೋಗೋ ಹಾಗಿಲ್ಲ ಅನ್ನೋ ಕಾರಣವನ್ನು. ದೊಡ್ಡ ನಾಟಕದಲ್ಲಿ ಪಾತ್ರ ಮುನಿಸಿಕೊಂಡು ಹೊರಟರೆ ಪರವಾಗಿಲ್ಲ, ಮುಂದಿನ ಅಂಕದಲ್ಲಿ ಇನ್ನೊಂದು ಊರಲ್ಲಿ ಹಿಡಿಯಬಹುದು. 20 ನಿಮಿಷದ ನಾಟಕದಲ್ಲಿ ಹೋದವನು ಹೋದ ಹಾಗೇ. ಅವನನ್ನು ಕೂರಿಸಬೇಕು, ಆದರೆ ನಾಟಕಕಾರ ಕೂರಿಸಿದ ಅಂತ ಕಾಣಬಾರದು. ನಾವು ನಮ್ಮ ನಮ್ಮ ಮನೆಯಲ್ಲಿ ಜಗಳ ಆದಾಗ ಮಾಡೋದಾದರೂ ಏನು? ಚಪ್ಪಲಿ ಮೆಟ್ಟಿಕೊಂಡು ಹೊರಡ್ತೀವಿ. ಹೊರಡಲಿಕ್ಕೆ ಆಗದಿದ್ದಾಗ ಮಾತ್ರ ನಿಜವಾದ ಮಾತು ಹೊರಬರುತ್ತೆ.

ಈ ಊರಲ್ಲಿ ಅಂಥ ಜಾಗಗಳಿಗೇನೂ ಬರ ಇಲ್ಲ. ಸಿಲ್ಕ್ ಬೋರ್ಡ್ ಹತ್ತಿರ ನಿಂತುಹೋದ ಆಟೊ. ಆಸ್ಪತ್ರೆಯ ಔಷಧಿ ಕೌಂಟರ್ ಸಾಲು. ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ: ಅಷ್ಟು ಹೊತ್ತು ಹೊರಗೆ ಕಾದು ಸೀಟು ಸಿಕ್ಕಿದೆ, ದೋಸೆ ಇನ್ನೂ ಬಂದಿಲ್ಲ, ಎದುರಿಗೆ ಗುರುತಿಲ್ಲದವರು ಬೇರೆ ಕೂತಿದ್ದಾರೆ. ಗಂಡ ಹೆಂಡತಿ ಜಗಳ ಆಡಲೇಬೇಕು, ಆದರೆ ದನಿ ಏರಿಸೋ ಹಾಗಿಲ್ಲ. ಇದಕ್ಕಿಂತ ಒಳ್ಳೆಯ ಸೆಟ್ ಯಾರು ಕೊಡ್ತಾರೆ? ಕೆಟ್ಟು ನಿಂತ ಲಿಫ್ಟ್ ಮಾತ್ರ ಬೇಡ. ಎಲ್ಲರೂ ಬರೆದಾಗಿದೆ.

ಜಾಗ ಸಿಕ್ಕಮೇಲೆ ಮಾತು. ಅದನ್ನು ನಾನು ಬಸ್ಸಿನಲ್ಲಿ ಕದಿಯುತ್ತೇನೆ. ಹೋದ ವಾರ ಪಕ್ಕದ ಸೀಟಿನ ಹೆಂಗಸು ಫೋನಿನಲ್ಲಿ, "ಊಟ ಆಗೋವರೆಗೂ ಅವಳಿಗೆ ಹೇಳ್ಬೇಡಿ, ಆಮೇಲೆ ನಾನೇ ಹೇಳ್ತೀನಿ" ಅಂದರು. ಏನು ಸುದ್ದಿ, ಯಾರು ಅವಳು, ಒಂದೂ ತಿಳಿಯಲಿಲ್ಲ. ಮುಂದಿನದನ್ನು ಕೇಳಿಸಿಕೊಳ್ಳಬಾರದು ಅಂತ ಬೇಕೆಂದೇ ಮುಂದಿನ ಸೀಟಿಗೆ ಹೋದೆ. ಪೂರ್ತಿ ಗೊತ್ತಾದರೆ ನನಗೆ ಬರೆಯಲು ಏನೂ ಉಳಿಯೋದಿಲ್ಲ.

ಬರೆಯೋದು ಅಂದೆ, ಆದರೆ ಮೊದಲ ಕರಡು ನಾನು ಬರೆಯೋದಿಲ್ಲ. ಅಡುಗೆಮನೆಯಲ್ಲಿ ಓಡಾಡುತ್ತಾ ಇಬ್ಬರ ಮಾತನ್ನೂ ನಾನೇ ಆಡಿ ಫೋನಿನಲ್ಲಿ ರೆಕಾರ್ಡ್ ಮಾಡ್ತೀನಿ. ಇದರಲ್ಲಿ ಹೊಸದೇನಿಲ್ಲ. ಕೈಲಾಸಂ (1884–1946) ನಾಟಕಗಳನ್ನು ಬಾಯಲ್ಲಿ ಹೇಳುತ್ತಿದ್ದರು, ಬರೆದುಕೊಳ್ಳೋದು ಬೇರೆಯವರ ಕೆಲಸ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ರಾಜ ಮಹಾರಾಜರ ಕಂಪನಿ ನಾಟಕಗಳ ಕಾಲದಲ್ಲಿ ಮಧ್ಯಮ ವರ್ಗದ ಮನೆಯ ಪಡಸಾಲೆಯನ್ನೇ ರಂಗಕ್ಕೆ ತಂದರು. ಅವರ ಪಾತ್ರಗಳ ಅರ್ಧ ಇಂಗ್ಲಿಷು ಅರ್ಧ ಕನ್ನಡ ಈಗಲೂ ಓದಿದರೆ ಅಷ್ಟಾಗಿ ನಗು ತರಿಸೋದಿಲ್ಲ, ಕೇಳಿದರೆ ತರಿಸುತ್ತೆ. ಕಿವಿಗೆ ಬರೆದದ್ದು ಅದು. ನನ್ನ ರೆಕಾರ್ಡಿಂಗ್‌ಗಳಲ್ಲಿ ಕುಕ್ಕರ್ ವಿಷಲ್ ಜಾಸ್ತಿ, ಅದೊಂದು ವ್ಯತ್ಯಾಸ.

ಕಾಗದಕ್ಕೆ ಇಳಿಸುವಾಗ ಶುರುವಿನ ಭಾಗ ಹೊಡೆದುಹಾಕ್ತೀನಿ. ನಮಸ್ಕಾರ, ಚೆನ್ನಾಗಿದ್ದೀಯಾ, ಮಕ್ಕಳು ಹೇಗಿದ್ದಾರೆ, ಎಲ್ಲ ಹೋಗಬೇಕು. ಪರದೆ ಸರಿದಾಗ ಟೋಕನ್ ಕೈಯಲ್ಲಿರಬೇಕು, ಸರ್ವರ್ ಆಗಲೇ ಹೋಗಿರಬೇಕು. ರಂಗಶಂಕರದಲ್ಲಿ ನಾಟಕ ಶುರುವಾದಮೇಲೆ ಬಂದವರನ್ನು ಒಳಗೆ ಬಿಡೋದಿಲ್ಲವಲ್ಲ, 2004ರಲ್ಲಿ ತೆರೆದಾಗಿನಿಂದ ಆ ಶಿಸ್ತಿಗೇ ಹೆಸರಾದ ಜಾಗ. ಕೆಲವರಿಗೆ ಅದು ಸಿಟ್ಟು. ನನಗಂತೂ ವರ. ಐದು ನಿಮಿಷ ತಡವಾಗಿ ಬಂದವರು ನನ್ನ ನಾಟಕದ ಕಾಲು ಭಾಗ ಕಳೆದುಕೊಂಡಿರ್ತಾರೆ, ಅಲ್ವಾ?

ಸಾಮಾನು ಕೂಡ ಕಡಿಮೆಯೇ ಇರಬೇಕು. ಒಂದೇ ಸಂಜೆ ಮೂರು ನಾಲ್ಕು ನಾಟಕ ಇಟ್ಟಾಗ, ಒಂದು ಮುಗಿದು ಇನ್ನೊಂದು ಶುರುವಾಗುವ ಕತ್ತಲಲ್ಲಿ ನಟರೇ ಹೊತ್ತು ಓಡಬೇಕು. ನನಗೆ ಒಂದು ಬೆಂಚು, ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಕಾಗದಪತ್ರ. ಕೌಂಟರು ಬೇಡ, ಅದು ಪ್ರೇಕ್ಷಕರು ಕೂತಿರುವ ಕಡೆ.

ಕೊನೆಯ ಬಗ್ಗೆ ನಿರ್ದೇಶಕರಿಗೂ ನನಗೂ ಇನ್ನೂ ಒಪ್ಪಂದ ಆಗಿಲ್ಲ. ಅವರಿಗೆ ತಂಗಿ ಸಹಿ ಹಾಕಿದಳೋ ಇಲ್ಲವೋ ತೋರಿಸಬೇಕು. ಜನ ಟಿಕೆಟ್ ಕೊಟ್ಟು ಬಂದಿರ್ತಾರೆ ಅನ್ನೋದು ಅವರ ವಾದ. ನನಗೆ ಟೋಕನ್ ನಂಬರ್ ಕೂಗಿದ ತಕ್ಷಣ ನಿಲ್ಲಿಸಬೇಕು. ಎದ್ದು ಹೋಗೋಕೆ ಇಬ್ಬರಿಗೂ ಈಗ ಅವಕಾಶ ಸಿಕ್ಕಿದೆ, ಯಾರು ಮೊದಲು ಏಳ್ತಾರೆ ಅನ್ನೋದಷ್ಟೇ ನನಗೆ ಬೇಕಾದ್ದು. ತಂಗಿಯ ಪಾತ್ರದವಳು ಎರಡೂ ಕಲಿತಿಟ್ಟುಕೊಂಡಿದ್ದಾಳೆ, ಜಾಣೆ. ನಾಳೆ ಭಾನುವಾರ, ಎರಡನ್ನೂ ಆಡಿಸಿ ನೋಡೋಣ ಅಂತ ಆಗಿದೆ. ಮಧ್ಯದಲ್ಲೊಂದು ಹಾಡು ಬೇಕು ಅಂತಲೂ ನಿರ್ದೇಶಕರು ಅಂದಿದ್ದಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾಡು! ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.